ಬೆಳಿಗ್ಗೆ ಏಳರ ಬಿ.ಪಿ.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಇದು ಲಿಂಗಸುಗೂರಿನ ನಮ್ಮ ಹೈಸ್ಕೂಲಿನ ಮಕ್ಕಳಿಗೆಲ್ಲ ಗೊತ್ತು. ಸಂತೋಷವೂ ಅದರ ಪಕ್ಕದಲ್ಲೇ ಕೂತಿರುತ್ತದೆ ಅನ್ನುವುದು ಹತ್ತಿರದವರಿಗೆ ಮಾತ್ರ ಗೊತ್ತು. ಎರಡರಲ್ಲಿ ಯಾವುದು ಬಂದರೂ ತಡೆದುಕೊಳ್ಳುವ ಶಕ್ತಿ ನನಗಿಲ್ಲ. ನಾನು ವಿಜ್ಞಾನದ ಟೀಚರು. ಹೃದಯ, ರಕ್ತನಾಳ, ಮೂತ್ರಪಿಂಡಗಳನ್ನು ಬಣ್ಣದ ಚಾಕ್‌ಪೀಸಿನಲ್ಲಿ ಬರೆದು ಬರೆದು ಬೋರ್ಡು ಸವೆಸಿದವಳು. ಹಾಗಾಗಿ ಅವ್ವನಿಗೆ ಬಿ.ಪಿ. ಜಾಸ್ತಿ ಇದೆ ಅಂತ ಆಸ್ಪತ್ರೆಯಲ್ಲಿ ಹೇಳಿದಾಗ ನನಗೆ ಹೆದರಿಕೆಗಿಂತ ಹುರುಪೇ ಹೆಚ್ಚು ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದು ನಿಜ. ಇಷ್ಟು ವರ್ಷ ಕಲಿಸಿದ್ದು ಕೊನೆಗೂ ಮನೆಯವರ ಉಪಯೋಗಕ್ಕೆ ಬಂತಲ್ಲ ಅನ್ನಿಸಿತ್ತು.

ಅವ್ವ ಮಸ್ಕಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತಾಳೆ. ತಮ್ಮ, ಅವನ ಹೆಂಡತಿ ಇಬ್ಬರೂ ನೌಕರಿಯವರು, ಬೆಳಿಗ್ಗೆ ಆರೂವರೆಗೇ ಬಸ್ಸು ಹಿಡಿಯುತ್ತಾರೆ. ಅವರು ಹೊರಬಿದ್ದ ಕೂಡಲೇ ಪಕ್ಕದ ಮನೆಯ ಖಾಲಾ, ನಮಗೆಲ್ಲ ಚಿಕ್ಕಮ್ಮನಿದ್ದಂತೆ, ಒಳಗೆ ಬರುತ್ತಾಳೆ. ಬಳೆ ವ್ಯಾಪಾರದವರ ಮನೆಯವಳು, ಅವ್ವನ ಜೀವದ ಗೆಳತಿ. ನಾನು ಹುಟ್ಟುವ ಮೊದಲಿನಿಂದಲೂ ಇಬ್ಬರ ಮನೆ ಗೋಡೆಗೆ ಗೋಡೆ. ಅವ್ವನ ಕನ್ನಡಕ್ಕೆ ಖಾಲಾನ ದಖನಿ ಕಲಸಿಕೊಂಡು, ಹಗಲೆಲ್ಲ ಇಬ್ಬರೂ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುತ್ತಾರೆ. ಅವ್ವನ ಹೊಲಿಗೆ ಅಂದರೆ ಇರುವೆ ಸಾಲು, ಒಂದು ಕಾಳಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಬಲಗಣ್ಣಿಗೆ ಪೊರೆ ಬಂದಮೇಲೆ ಆ ಸಾಲು ದಾರಿ ತಪ್ಪತೊಡಗಿತು. ಎಡಗಣ್ಣೂ ಮಸುಕಾಯಿತು. ಒಂದು ದಿನ ಸೂಜಿಗೆ ದಾರ ಹಾಕಲು ಅರ್ಧ ತಾಸು ಗುದ್ದಾಡಿ, ಕೊನೆಗೆ ಸೂಜಿಯನ್ನು ಖಾಲಾನ ಕೈಗೆ ಕೊಟ್ಟು ಅತ್ತಳಂತೆ. ಖಾಲಾ ಫೋನ್ ಮಾಡಿ ಹೇಳಿದಳು. ಅವ್ವ ಅತ್ತಳು ಅಂದರೆ ನನಗೆ ಕೈಕಾಲು ಆಡುವುದಿಲ್ಲ. ಮರುದಿನವೇ ರಜೆ ಹಾಕಿ, ಇಬ್ಬರನ್ನೂ ಬಸ್ಸು ಹತ್ತಿಸಿಕೊಂಡು ಸಿಂಧನೂರಿನ ಕಣ್ಣಿನ ಆಸ್ಪತ್ರೆಗೆ ಹೋದೆ.

ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಪೊರೆ ಭಾಳ ಬಲಿತೈತಿ. ತಡ ಮಾಡಿದಷ್ಟೂ ಆಪರೇಶನ್ ಕಷ್ಟ ಆಗ್ತೈತಿ," ಅಂದರು. ಆಪರೇಶನ್ ಮಾಡುವ ದೊಡ್ಡ ಡಾಕ್ಟರು ತಿಂಗಳಿಗೊಂದು ಸಲ ಬರುವವರು, ಅದೃಷ್ಟಕ್ಕೆ ಅಂದೇ ಬಂದಿದ್ದರು. ಆದರೆ ನರ್ಸು ಅವ್ವನ ರಟ್ಟೆಗೆ ಪಟ್ಟಿ ಕಟ್ಟಿ ನೋಡಿದರೆ ಮೇಲೆ ನೂರಾ ಎಂಬತ್ತೆರಡು, ಕೆಳಗೆ ನೂರು. ನರ್ಸು ಕಾಲುವೆ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹುಡುಗಿ, ಮನೆಯಲ್ಲಿ ತೆಲುಗು, ಆಸ್ಪತ್ರೆಯಲ್ಲಿ ಅಚ್ಚ ನಮ್ಮ ಕನ್ನಡ. "ಇಷ್ಟಿದ್ರ ಕಣ್ಣಿಗೆ ಕೈ ಹಚ್ಚಂಗಿಲ್ರಿ ಅಮ್ಮಾ. ನೂರೈವತ್ತರ ಕೆಳಗ ಇಳಿಸ್ಕೊಂಡು ಮುಂದಿನ ತಿಂಗಳು ಬರ್ರಿ," ಅಂದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ನನ್ನ ಪಾಠ ಶುರುವಾಯಿತು. ಕಾಲುವೆ ದಾಟುವಾಗ ಒಳ್ಳೆಯ ಉದಾಹರಣೆ ತಾನಾಗಿಯೇ ಸಿಕ್ಕಿತು. ಹೃದಯ ಹಿಂಡಿದಾಗ ರಕ್ತ ಗೋಡೆಯನ್ನು ಒತ್ತುವ ಜೋರು ಮೇಲಿನ ಅಂಕಿ, ಹೃದಯ ಸಡಿಲಾದಾಗಲೂ ಉಳಿದಿರುವ ಜೋರು ಕೆಳಗಿನ ಅಂಕಿ ಅಂದೆ. ಕುತ್ತಿಗೆಯ ರಕ್ತನಾಳದೊಳಗೆ ಕಾವಲು ನರಗಳಿವೆ, ಕಾಲುವೆಯ ನೀರು ಬಿಟ್ಟು ಕಟ್ಟುವ ನೀರುಗಂಟಿಯ ಹಾಗೆ ಸದಾ ಒತ್ತಡ ನೋಡುತ್ತಿರುತ್ತವೆ ಅಂದೆ. ನಾವು ದಡಕ್ಕನೆ ಎದ್ದು ನಿಂತರೆ ರಕ್ತ ಕಾಲಿಗೆ ಇಳಿಯುತ್ತದೆ, ಆಗ ಈ ಕಾವಲುಗಾರರು ಮಿದುಳಿಗೆ ಸುದ್ದಿ ಕೊಡುತ್ತಾರೆ, ಮಿದುಳು ಹೃದಯವನ್ನು ಜೋರಾಗಿ ಓಡಿಸಿ ಸಣ್ಣ ನಾಳಗಳನ್ನು ಬಿಗಿ ಮಾಡುತ್ತದೆ. ಒತ್ತಡ ಏರಿದರೆ ಅದೇ ಮಿದುಳು ನಾಳಗಳನ್ನು ಸಡಿಲು ಬಿಡುತ್ತದೆ. ಇದೆಲ್ಲ ಕ್ಷಣದ ಕೆಲಸ. ದಿನಗಟ್ಟಲೆಯ ಕೆಲಸ ಮೂತ್ರಪಿಂಡದ್ದು. ಉಪ್ಪು ಹೆಚ್ಚು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಒತ್ತಡ ಏರುತ್ತದೆ. ಆದ್ದರಿಂದ ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಕೆಂಪು ಮೆಣಸಿನಕಾಯಿಯ ಹಿಂಡಿ ಬಂದ್.

ಹಿಂಡಿಯೂ ಬಂದ್ ಅಂದದ್ದಕ್ಕೆ ಹಿಂದಿನ ಸೀಟಿನವರೊಬ್ಬರು ನಿಟ್ಟುಸಿರು ಬಿಟ್ಟರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರು ತಮ್ಮ ಕುತ್ತಿಗೆ ಮುಟ್ಟಿ, "ನೀರುಗಂಟಿ ಇರೋದು ಎಡಕ್ಕೋ ಬಲಕ್ಕೋ, ಟೀಚರ್?" ಅಂತ ಕೇಳಿದರು. ಎರಡೂ ಕಡೆ ಇರುತ್ತಾರೆ ಅಂದೆ. ನನಗೆ ಹತ್ತನೇ ಕ್ಲಾಸಿನಲ್ಲಿ ಇಷ್ಟು ಗಮನ ಎಂದೂ ಸಿಕ್ಕಿರಲಿಲ್ಲ, ಹಿಗ್ಗಿ ಹೀರೇಕಾಯಿಯಾದೆ.

ಅವ್ವ ಮಾತ್ರ ಕಿಟಕಿಗೆ ಮುಖ ಮಾಡಿಕೊಂಡೇ ಕೇಳಿದಳು. "ಕಾವಲುಗಾರ ಅದಾರಂತಿ. ಹಂಗಾದ್ರ ನನ್ನ ಮೈಯಾಗಿನವ್ರು ಎಲ್ಲಿ ಮಲಗ್ಯಾರ?"

"ಮಲಗಿಲ್ಲ ಬೇ. ವರ್ಷಗಟ್ಟಲೆ ಒತ್ತಡ ಜಾಸ್ತಿನಽ ಇದ್ರ ಅವ್ರಿಗೆ ಅದಽ ರೂಢಿ ಆಗ್ತೈತಿ. ಇಷ್ಟಽ ಇರಬೇಕೇನೊ ಅಂತ ಸುಮ್ಮಕ ಆಗ್ತಾರ."

"ನಿನ್ನ ದನಿ ನಮಗ ರೂಢಿ ಆದಂಗ," ಅಂದಳು ಅವ್ವ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಆ ಮಾತು ಕಿವಿಯಿಂದ ಒಳಗೆ ಇಳಿಯಲಿಲ್ಲ.

ಲಿಂಗಸುಗೂರಿನ ಡಾಕ್ಟರು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ನಾನು ಬ್ಯಾಟರಿ ಮೇಲೆ ನಡೆಯುವ ಹೊಸ ಬಿ.ಪಿ. ಮಿಷಿನ್ ಕೊಂಡು ಮಸ್ಕಿಗೆ ಒಯ್ದೆ. ಜೊತೆಗೆ ನನ್ನ ಕಾನೂನು. ಚಹಾ ಕುಡಿದ ಅರ್ಧ ತಾಸಿನೊಳಗೆ ನೋಡಬಾರದು. ಒಂದಕ್ಕೆ ಹೋಗಿಬಂದು ಕೂಡಬೇಕು, ಹೊಟ್ಟೆಯಲ್ಲಿ ಅದನ್ನು ತಡೆದುಕೊಂಡರೂ ಬಿ.ಪಿ. ಏರುತ್ತದೆ. ಬೆನ್ನಿಗೆ ಒರಗು, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಇಲ್ಲ. ರಟ್ಟೆ ಎದೆಯ ಮಟ್ಟಕ್ಕೆ ಇರಬೇಕು, ಅದಕ್ಕೆಂದು ಮಡಿಸಿದ ಕೌದಿಯ ಮೇಲೆ ಕೈ ಇಡಬೇಕು. ಐದು ನಿಮಿಷ ಮಾತಿಲ್ಲ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಮಿಷಿನ್ನಿನ ಫೋಟೋ ನನ್ನ ಫೋನಿಗೆ ಬರಬೇಕು. ಅವ್ವನಿಗೆ ಅಂಕಿ ಕಾಣುತ್ತಿರಲಿಲ್ಲ, ಫೋಟೋ ತೆಗೆದು ಕಳಿಸುವ ಕೆಲಸ ಖಾಲಾನದು.

ಮೊದಲ ದಿನದ ಫೋಟೋದಲ್ಲಿ ನೂರಾ ಎಪ್ಪತ್ತು. ನಾನು ಫೋನ್ ಮಾಡಿ ಬೈದೆ. ಉಪ್ಪಿನಕಾಯಿ ತಿಂದಿದ್ದೀಯಾ, ಮಾತಾಡಿದ್ದೀಯಾ, ಗುಳಿಗೆ ಮರೆತಿದ್ದೀಯಾ, ಕಣ್ಣು ಬೇಕೋ ಹಿಂಡಿ ಬೇಕೋ ಅಂತ ಪ್ರಾರ್ಥನೆಯ ಗಂಟೆ ಹೊಡೆಯುವವರೆಗೆ ಬೈದೆ. ಎರಡನೇ ದಿನ ನೂರಾ ಅರವತ್ತಾರು. ಮತ್ತೆ ಬೈದೆ. ಗುಳಿಗೆ ಹಿಡಿಯಲು ದಿನಗಳು ಬೇಕು ಅಂತ ಡಾಕ್ಟರು ಹೇಳಿದ್ದು ನನಗೆ ನೆನಪಿತ್ತು, ಆದರೂ ಬೈದೆ. ನನ್ನ ಬಾಯಿಗೆ ನೆನಪಿನ ಹಂಗಿಲ್ಲ.

ಮೂರನೇ ದಿನ ನೂರಾ ಹದಿನೆಂಟು, ಎಪ್ಪತ್ತಾರು.

ನೆಲದ ಮೇಲೆ ನನ್ನ ಕಾಲು ನಿಲ್ಲಲಿಲ್ಲ. ಸ್ಟಾಫ್ ರೂಮಿನಲ್ಲಿ ಫೋನ್ ಹಿಡಿದುಕೊಂಡು ಒಬ್ಬೊಬ್ಬರಿಗೂ ತೋರಿಸಿದೆ. ನಾಲ್ಕನೇ ದಿನ ನೂರಾ ಹದಿನಾರು, ಐದನೇ ದಿನ ನೂರಿಪ್ಪತ್ತು. ಗ್ರಾಫ್ ಹಾಳೆ ತಂದು ದಿನಕ್ಕೊಂದು ಚುಕ್ಕೆ ಇಟ್ಟು ಗೆರೆ ಎಳೆದೆ. ಒಂಬತ್ತನೇ ಕ್ಲಾಸಿನ ಗೋಡೆಗೆ ಅದನ್ನು ಅಂಟಿಸಿ, ಗುಳಿಗೆ ಪ್ಲಸ್ ಶಿಸ್ತು ಅಂದರೆ ಹೀಗಿರುತ್ತದೆ ಅಂತ ಪಾಠ ಮಾಡಿದೆ. ಹತ್ತನೆಯ ದಿನ ಎಲ್ಲರಿಗೂ ಫೇಡೆ ಹಂಚಿದೆ. ರಸ್ತೆಯಲ್ಲಿ ಒಬ್ಬಳೇ ಹೋಗುತ್ತ ನಗುತ್ತಿದ್ದೆ. ನಮ್ಮ ಹೆಡ್‌ಮಾಸ್ತರರು, "ಬಿ.ಪಿ. ಇಳಿದಿದ್ದು ನಿಮ್ಮವ್ವಂದೋ ನಿಮ್ದೋ?" ಅಂತ ಕೇಳಿದರು. ಹದಿನೈದು ದಿನಕ್ಕೆ ಗ್ರಾಫನ್ನು ಲಿಂಗಸುಗೂರಿನ ಡಾಕ್ಟರಿಗೆ ಒಯ್ದು ತೋರಿಸಿದೆ. ಅವರು ನೋಡಿ, ಇಷ್ಟು ಚೆನ್ನಾಗಿ ಇಳಿದಿದ್ದರೆ ಇನ್ನು ಅರ್ಧ ಗುಳಿಗೆ ಸಾಕು ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ನಾನು ಕುಣಿಯುತ್ತ ಮಸ್ಕಿಗೆ ಫೋನ್ ಮಾಡಿ ಅರ್ಧ ಗುಳಿಗೆಯ ಸುದ್ದಿ ಕೊಟ್ಟೆ. ಆ ಕಡೆ ಅವ್ವ ಫೋನನ್ನು ಖಾಲಾನ ಕೈಗೆ ಕೊಟ್ಟುಬಿಟ್ಟಳು. ಸಂತೋಷಕ್ಕೆ ಮಾತು ನಿಂತಿರಬೇಕು ಅಂದುಕೊಂಡೆ.

ಮುಂದಿನ ತಿಂಗಳು ಮೂವರೂ ಮತ್ತೆ ಸಿಂಧನೂರಿಗೆ ಹೋದೆವು. ಗ್ರಾಫನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದೆ. ಅದೇ ನರ್ಸು ಪಟ್ಟಿ ಕಟ್ಟಿದಳು.

ನೂರಾ ಎಪ್ಪತ್ತಾರು, ತೊಂಬತ್ತೆಂಟು.

"ನಿಮ್ಮ ಮಿಷಿನ್ ಕೆಟ್ಟೈತಿ," ಅಂದೆ.

"ಇರಬಹುದ್ರಿ," ಅಂದು ಇನ್ನೊಂದು ತಂದಳು. ನೂರಾ ಎಪ್ಪತ್ನಾಲ್ಕು. ನನ್ನ ದನಿ ಏರಿತು. ಇದು ಕೂಡ ಕೆಟ್ಟಿದೆ, ಇಲ್ಲಿ ನೋಡಿ ಇಪ್ಪತ್ತಾರು ದಿನದ ದಾಖಲೆ, ನಾನು ವಿಜ್ಞಾನದ ಟೀಚರು ಅಂತ ಗ್ರಾಫನ್ನು ಅವಳ ಮೇಜಿನ ತುಂಬ ಬಿಚ್ಚಿ ಹಾಸಿದೆ. ಸಾಲಿನಲ್ಲಿ ಕೂತಿದ್ದವರೆಲ್ಲ, ಒಂದು ಕಣ್ಣಿನವರು ಎರಡು ಕಣ್ಣಿನವರು, ನಮ್ಮ ಕಡೆ ತಿರುಗಿದರು. ನರ್ಸು ಮುಳ್ಳಿನ ಗಡಿಯಾರದಂಥ ಹಳೆಯ ಮಿಷಿನ್ ಪಟ್ಟಿಯನ್ನು ಅವ್ವನಿಗೆ ಕಟ್ಟಿ, ಸ್ಟೆತಾಸ್ಕೋಪನ್ನು ನನ್ನ ಕಿವಿಗೇ ಹಾಕಿದಳು. "ನೀವಽ ಕೇಳ್ರಿ ಟೀಚರ್. ಮಾತಾಡಬ್ಯಾಡ್ರಿ ಅಷ್ಟಽ."

ಗಾಳಿ ಒತ್ತಿದಳು. ಪಟ್ಟಿ ಬಿಗಿದು ರಕ್ತ ನಿಂತಿತು, ಏನೂ ಕೇಳಿಸಲಿಲ್ಲ. ಆಮೇಲೆ ಮೆಲ್ಲಗೆ ಗಾಳಿ ಬಿಟ್ಟಳು. ಮುಳ್ಳು ಇಳಿಯುತ್ತ ನೂರಾ ಎಪ್ಪತ್ತೆರಡಕ್ಕೆ ಬಂದಾಗ, ಬಾಗಿಲ ಹೊರಗೆ ಯಾರೋ ಬೆರಳಿನಿಂದ ಬಡಿದ ಹಾಗೆ ಟಪ್ ಅಂತ ಸದ್ದು. ಟಪ್, ಟಪ್, ಟಪ್. ಮುಚ್ಚಿದ ನಾಳವನ್ನು ತಳ್ಳಿಕೊಂಡು ಅವ್ವನ ರಕ್ತ ಬರುತ್ತಿತ್ತು. ತೊಂಬತ್ತಾರಕ್ಕೆ ಸದ್ದು ನಿಂತಿತು, ಅದು ಕೆಳಗಿನ ಅಂಕಿ. ಎಷ್ಟೋ ವರ್ಷ ಇದನ್ನು ಕಲಿಸಿದ್ದೇನೆ, ಕೇಳಿದ್ದು ಅದೇ ಮೊದಲು. ಸಿಟ್ಟಿನ ನಡುವೆಯೂ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇನ್ನೊಂದು ಸಲ ಕೇಳಿಸು ಅಂತ ಕೇಳಲು ಬಾಯಿ ತೆರೆದವಳು, ಜಗಳದಲ್ಲಿದ್ದೇನೆ ಅನ್ನುವುದು ನೆನಪಾಗಿ ಮುಚ್ಚಿಕೊಂಡೆ.

"ಹಂಗಾದ್ರ ನಮ್ಮ ಮನಿ ಮಿಷಿನ್ ಸುಳ್ಳ ಹೇಳತೈತೇನು?" ಅಂತ ಫೋನ್ ತೆಗೆದು ಫೋಟೋಗಳನ್ನು ತೋರಿಸಿದೆ. ನರ್ಸು ಒಂದೊಂದಾಗಿ ಸರಿಸುತ್ತ ನೋಡಿದಳು. ಅವ್ವನ ಕೈ ನೋಡಿದಳು. ಮತ್ತೆ ಫೋನ್ ನೋಡಿದಳು.

"ಟೀಚರ್, ಇದು ಯಾರ ಕೈರಿ?"

ನಾನು ಬಗ್ಗಿ ನೋಡಿದೆ. ಮಿಷಿನ್ನಿನ ಪಕ್ಕದಲ್ಲಿ ಚಾಚಿದ ಒಂದು ಮುಂಗೈ. ಮೊದಲಿನ ಎರಡು ಫೋಟೋಗಳಲ್ಲಿ ಅದರ ಮೇಲೆ ಹಸಿರು ಹಚ್ಚೆ ಇತ್ತು, ಮೂರು ಸಾಲು ಚುಕ್ಕೆ. ಅವ್ವನಿಗೆ ಸಣ್ಣವಳಿದ್ದಾಗಲೇ ಹಾಕಿಸಿದ್ದು. ನಾನು ಒಂದು ಎರಡು ಎಣಿಸಲು ಕಲಿತದ್ದೇ ಆ ಚುಕ್ಕೆಗಳ ಮೇಲೆ ಬೆರಳಿಟ್ಟು. ಮೂರನೇ ಫೋಟೋದಿಂದ ಮುಂದೆ ಒಂದು ಚುಕ್ಕೆಯೂ ಇರಲಿಲ್ಲ. ಬೆಳ್ಳಗಿನ ಬರೀ ಕೈ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೆಂಚಿನ ಮೇಲೆ ಕೂತಿದ್ದ ಖಾಲಾ ಬುರ್ಖಾದ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಳು.

"ಕ್ಯಾ ಕರನಾ ಬೇಟಿ," ಅಂದಳು. "ಎರಡ ದಿನಾ ನೀ ಬೈದದ್ದ ಬೈದಿ. ಮೂರನೇ ದಿನಾ ಪಟ್ಟಿ ಕಂಡ್ರ ನಿಮ್ಮವ್ವ ಗಡಗಡ ನಡಗಾಕತ್ತಿದ್ಲು. ನಂದು ಯಾವಾಗ್ಲೂ ಚೊಲೊ ಬರ್ತೈತಿ. ಅದಕ್ಕ ನನ್ನ ರಟ್ಟಿಗೆ ಕಟಗೊಂಡೆ. ಗೆಳತ್ಯಾರೊಳಗ ಇಷ್ಟೂ ಇರಬಾರದಾ?"

ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಗೋಡೆಗೆ ಅಂಟಿಸಿದ ಗ್ರಾಫು ಖಾಲಾನದು. ಹಂಚಿದ ಫೇಡೆ ಖಾಲಾನ ಬಿ.ಪಿ.ಗೆ. ಎಲ್ಲಕ್ಕಿಂತ ಹೆಚ್ಚಾಗಿ, ಖಾಲಾನ ರಟ್ಟೆ ನೋಡಿ ಅವ್ವನ ಗುಳಿಗೆ ಅರ್ಧ ಮಾಡಿಸಿದ್ದೆ. ಅಷ್ಟು ಹೊಳೆದದ್ದೇ ತಡ, ನನ್ನ ಬಾಯಿಯ ಕಟ್ಟೆ ಒಡೆಯಿತು. ಇಬ್ಬರಿಗೂ ವಯಸ್ಸಾಯಿತು ಬುದ್ಧಿ ಬರಲಿಲ್ಲ, ಮಿದುಳಿನ ನರ ಒಡೆದರೆ ಯಾರು ಹೊಣೆ, ಕಣ್ಣು ಹೋದರೆ ಯಾರು ಹೊಣೆ ಅಂತ ಶುರು ಮಾಡಿದೆ. ಅವ್ವ ತಲೆ ತಗ್ಗಿಸಿ, "ಬೈಯಿ. ಒಮ್ಮಿಗೇ ಮುಗದು ಹೋಗ್ಲಿ," ಅಂದಳು. ನಾನು ಬೈದೆ. ಅವ್ವನ ರಟ್ಟೆಗೆ ನರ್ಸು ಮತ್ತೆ ಪಟ್ಟಿ ಕಟ್ಟಿ ಗುಂಡಿ ಒತ್ತಿದ್ದನ್ನು ನಾನು ನೋಡಿರಲಿಲ್ಲ.

"ನೂರಾ ತೊಂಬತ್ತು," ಅಂದಳು ನರ್ಸು. "ಈಗ ನೀವಽ ಕೇಳಿದಾಗ ನೂರಾ ಎಪ್ಪತ್ತೆರಡು ಇತ್ತು. ಟೀಚರ್ ಬೈಗುಳಕ್ಕ ಹದಿನೆಂಟ್ರಿ."

ಮೊದಲು ಖಾಲಾ ನಕ್ಕಳು. ಆಮೇಲೆ ಕಣ್ಣಿಗೆ ಹತ್ತಿ ಕಟ್ಟಿಕೊಂಡ ಅಜ್ಜನೊಬ್ಬ ನಕ್ಕ. ಆಮೇಲೆ ಇಡೀ ಸಾಲು. ನನಗೂ ನಗು ಬಂತು, ತಡೆಯಲಾಗಲಿಲ್ಲ, ಪಕ್ಕೆ ಹಿಡಿದುಕೊಂಡು ನಕ್ಕೆ. ಜಗತ್ತಿನಲ್ಲಿ ಎಷ್ಟು ಜನರಿಗೆ ತಮ್ಮ ಬೈಗುಳದ ಅಳತೆ ಸಿಕ್ಕಿದೆ ಹೇಳಿ. ನಗುತ್ತಲೇ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಅದು ಅಳುವಾಗಿತ್ತು. ಇನ್ನೊಂದು ತಿಂಗಳು ಹೋಯಿತು, ಬಲಿತ ಪೊರೆಯ ಆ ಕಣ್ಣು ಅಷ್ಟು ದಿನ ತಡೆಯುತ್ತದೋ ಇಲ್ಲವೋ ಅಂತ ಹೆದರಿದ್ದೆ. ನನ್ನ ತಾಯಿ ನನಗೆ ಹೆದರುತ್ತಾಳೆ ಅನ್ನುವುದು ಅದಕ್ಕಿಂತ ಹೆಚ್ಚು ಹೆದರಿಸಿತು.

ಅವ್ವ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. "ಏಳವಾ. ಬಸ್‌ಸ್ಟ್ಯಾಂಡಿನ್ಯಾಗ ಮಿರ್ಚಿ ಕರ್ಯಾಕತ್ತಾರ, ವಾಸನಿ ಬಂತು. ನೀನು, ಇಕಿ ತಿನ್ರಿ. ನಾ ಬರೇ ವಾಸನಿ ತಗೋತೀನಿ, ಉಪ್ಪಿರಂಗಿಲ್ಲ ಅದರಾಗ."

ಲಿಂಗಸುಗೂರಿನ ಡಾಕ್ಟರು ನಡೆದದ್ದನ್ನೆಲ್ಲ ಕೇಳಿ, ನಗು ನುಂಗಿಕೊಂಡು, ಗುಳಿಗೆಯನ್ನು ಮತ್ತೆ ಇಡಿಯದು ಮಾಡಿ ಇನ್ನೊಂದು ಸೇರಿಸಿದರು. ದಸರಾ ರಜೆ ಬಿದ್ದಿತ್ತು, ನಾನು ಗಂಟು ಕಟ್ಟಿಕೊಂಡು ಮಸ್ಕಿಗೆ ಹೋಗಿ ಕೂತೆ. ಈ ಸಲ ಕಾನೂನು ಮಾಡಿದವಳು ಖಾಲಾ. ಅವ್ವನ ಐದು ನಿಮಿಷದ ಮೌನ ನನಗೂ ಲಾಗೂ. ಮಿಷಿನ್ ಅಂಕಿ ತೋರಿಸಿದ ಮೇಲೆಯೂ ಐದು ನಿಮಿಷ ಲಾಗೂ.

ಅದು ನಾನು ಜೀವನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ. ಬೆಳಿಗ್ಗೆ ಏಳಕ್ಕೆ ಅವ್ವ ಕೌದಿಯ ಮೇಲೆ ಕೈ ಇಡುತ್ತಿದ್ದಳು. ನಾನು ಎದುರಿಗೆ ತುಟಿ ಬಿಗಿದು ಕೂಡುತ್ತಿದ್ದೆ. ಖಾಲಾ ನಡುವೆ ಕೂತು, ನಮ್ಮಿಬ್ಬರಲ್ಲಿ ಯಾರ ತುಟಿ ಅಲುಗಿತು ಅಂತ ನೋಡುತ್ತಿದ್ದಳು. ನೂರಾ ಎಪ್ಪತ್ತು ಬಂದ ದಿನ ನನ್ನ ನಾಲಿಗೆ ಹಲ್ಲಿನ ಹಿಂದೆ ಕುದಿಯಿತು, ಅಂಕಿ ಬರೆದುಕೊಂಡು ಹಿತ್ತಲಿಗೆ ಹೋಗಿ ಕೋಳಿಗಳನ್ನು ಬೈದು ಬಂದೆ. ಐದಾರು ದಿನಕ್ಕೆ ನೂರಾ ಅರವತ್ತು. ಇನ್ನೊಂದು ವಾರಕ್ಕೆ ನೂರೈವತ್ತೆರಡು. ಸುಮ್ಮನೆ ಕೂತ ಆ ನಿಮಿಷಗಳಲ್ಲಿ ನೋಡಲು ಬೇರೇನೂ ಇರದಿದ್ದರಿಂದ ಅವ್ವನ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಹೊಸ ಗಾಯಗಳಿದ್ದವು. ಕಣ್ಣು ಕಾಣದೆಯೂ ಹೊಲಿಯುತ್ತಿದ್ದಾಳೆ ಅನ್ನುವುದು ನನಗೆ ಆಗಲೇ ಗೊತ್ತಾದದ್ದು.

ಮೂರನೇ ಸಲ ಸಿಂಧನೂರಿನಲ್ಲಿ ಪಟ್ಟಿ ಕಟ್ಟುವಾಗ ನರ್ಸು ನನ್ನನ್ನು ಬಾಗಿಲ ಹೊರಗೆ ಕಳಿಸಿದಳು. ನಾನು ಜಗಳವಾಡದೆ ಹೋದೆ. ಒಳಗಿನಿಂದ ಖಾಲಾನ ಕೂಗು ಬಂತು: "ನೂರಾ ನಲವತ್ನಾಕು ಬೇಟಿ, ಈ ಸಲ ನಿಮ್ಮವ್ವಂದಽ." ನಾನು ಅಲ್ಲೇ ಕಾರಿಡಾರಿನಲ್ಲಿ ಗಿರಕಿ ಹೊಡೆದೆ, ಸ್ಟ್ರೆಚರ್ ತಳ್ಳುವವರು ದಾರಿ ಬಿಡ್ರಿ ಅಂತ ಅಂದರು. ಅಂದೇ ಆಪರೇಶನ್ ಆಯಿತು.

ಮರುದಿನ ಬೆಳಿಗ್ಗೆ ಕಣ್ಣಿನ ಪಟ್ಟಿ ಬಿಚ್ಚಿದರು. ಅವ್ವ ಕಣ್ಣು ಮಿಟುಕಿಸಿ ಮೊದಲು ನರ್ಸನ್ನು ನೋಡಿ, "ನೀ ಇಷ್ಟು ಸಣ್ಣಾಕಿ ಏನವಾ," ಅಂದಳು. ಖಾಲಾನನ್ನು ನೋಡಿ, "ಮುದುಕಿ ಆಗಿಯಲ್ಲಲೇ," ಅಂದಳು. ನನ್ನನ್ನು ಬಹಳ ಹೊತ್ತು ನೋಡಿದಳು. "ನಿನ್ನ ಕೂದಲ ಯಾವಾಗ ಬೆಳ್ಳಗಾದ್ವು?" ಅಂದಳು. ನಾನು ನಗುತ್ತ ಅಳುತ್ತ ಅವಳ ಕಾಲ ಹತ್ತಿರ ಕೂತೆ.

"ಆ ಫೋಟೋ ತೋರಸು," ಅಂದಳು. "ಎಲ್ಲಾರೂ ನೋಡಿ ನಕ್ರಿ. ನಾ ನೋಡಿಲ್ಲ."

ಫೋನ್ ಕೊಟ್ಟೆ. ಮೂರನೇ ದಿನದ ಫೋಟೋವನ್ನು ಹೊಸ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. ತನ್ನ ಮುಂಗೈಯನ್ನು ಅದರ ಪಕ್ಕಕ್ಕೆ ಇಟ್ಟು ನೋಡಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ.

"ನನಗ ಕಣ್ಣು ಕಾಣ್ತಿರಲಿಲ್ಲ," ಅಂದಳು. "ನಿನಗ ಏನಾಗಿತ್ತವಾ?"

ಅವ್ವ ಈಗ ಸೂಜಿಗೆ ದಾರವನ್ನು ತಾನೇ ಹಾಕಿಕೊಳ್ಳುತ್ತಾಳೆ. ಬೆಳಿಗ್ಗೆ ಏಳಕ್ಕೆ ಫೋಟೋ ಬರುತ್ತದೆ. ಮೊದಲು ಹಚ್ಚೆಯ ಮೂರು ಸಾಲು ಚುಕ್ಕೆಗಳನ್ನು ಎಣಿಸುತ್ತೇನೆ, ಆಮೇಲೆ ಅಂಕಿ ನೋಡುತ್ತೇನೆ. ನಿನ್ನೆ ನೂರೈವತ್ತಾರು ಇತ್ತು. ಐದು ನಿಮಿಷ ಬಿಟ್ಟು ಫೋನ್ ಮಾಡಿ, ಕೌದಿ ಎಲ್ಲಿಗೆ ಬಂತು ಅಂತ ಕೇಳಿದೆ.